ಥರ್ಮಾಮೀಟರ್ ಇರಬೇಕಾದದ್ದು ನದಿಯಲ್ಲಿ

ಹೋದ ಏಪ್ರಿಲ್‌ನ ಒಂದು ಮಧ್ಯಾಹ್ನ, ರಾಯಚೂರು ಜಿಲ್ಲೆಯ ದೇವಸೂಗೂರಿಗಿಂತ ಸಾಕಷ್ಟು ಮೇಲ್ಗಡೆ, ಯಾವ ಕಾರ್ಖಾನೆಯ ನೀರೂ ಸೇರದ ಜಾಗದಲ್ಲಿ ನಮ್ಮ ಕಾಲೇಜಿನ ಐದಾರು ಬಿಎಸ್ಸಿ ವಿದ್ಯಾರ್ಥಿಗಳೊಂದಿಗೆ ನಾನು ಕೃಷ್ಣೆಯ ದಂಡೆಯಲ್ಲಿದ್ದೆ. ಈ ಭಾಗದ ಹೊಳೆಯಲ್ಲಿ ಮೊಸಳೆಗಳಿರುವುದರಿಂದ ಹುಡುಗರನ್ನು ಬಂಡೆಯ ಮೇಲೆಯೇ ಕೂಡಿಸಿ, ಪರಿಚಯದ ಮೀನುಗಾರರೊಬ್ಬರ ಹರಿಗೋಲಿನಲ್ಲಿ ನಾನೊಬ್ಬನೇ ನಡುನೀರಿಗೆ ಹೋದೆ. ಕೈಯಲ್ಲಿದ್ದದ್ದು ಹಗ್ಗಕ್ಕೆ ಕಟ್ಟಿದ ಒಂದು ಸಾದಾ ಥರ್ಮಾಮೀಟರ್. ಅದರ ಬುರುಡೆಯ ಸುತ್ತ ಒಂದು ಸಣ್ಣ ಸ್ಟೀಲ್ ಲೋಟವನ್ನು ತಂತಿಯಿಂದ ಬಿಗಿದಿದ್ದೆವು. ಮೇಲೆತ್ತುವಾಗ ಬುರುಡೆ ಲೋಟದ ನೀರಿನಲ್ಲಿಯೇ ಮುಳುಗಿರುತ್ತದೆ, ಆದ್ದರಿಂದ ಬಿಸಿಗಾಳಿ ತಗುಲಿ ಅಂಕಿ ಕೆಡುವುದಿಲ್ಲ. ಎರಡು ನಿಮಿಷ ಕಾದು ಎತ್ತಿ ನೋಡಿದರೆ ಪಾದರಸ 33 ಡಿಗ್ರಿಗಿಂತ ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಅದು ಬರಿಯ ಬಿಸಿಲಿನ ಕಾವು. ಮನುಷ್ಯರ ಕೈವಾಡ ಅದರಲ್ಲಿ ಏನೂ ಇರಲಿಲ್ಲ.

ಆ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವಾಗ ನನಗೆ ನೆನಪಾದದ್ದು ನಮ್ಮ ದೇಶದ ಮಾಲಿನ್ಯ ನಿಯಮಗಳಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಅಂಕಿ, 5. ನದಿಗೆ ಬಿಡುವ ನೀರು, ಅದನ್ನು ಸ್ವೀಕರಿಸುವ ನೀರಿಗಿಂತ 5 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿರಬಾರದು ಎನ್ನುವುದು ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡ. ಡಿಸೆಂಬರಿನ ಮುಂಜಾನೆ 22 ಡಿಗ್ರಿಯಲ್ಲಿರುವ ಹೊಳೆಗೆ 27 ಡಿಗ್ರಿಯ ನೀರು ಬಂದರೆ ಜಲಚರಗಳಿಗೆ ಹೇಳಿಕೊಳ್ಳುವಂತಹ ತೊಂದರೆಯಿಲ್ಲ. 33 ಡಿಗ್ರಿಯ ಹೊಳೆಗೆ 38 ಡಿಗ್ರಿಯ ನೀರು ಬಂದರೆ ತೊಂದರೆಯಿದೆ. ನಿಯಮದ ಕಣ್ಣಿಗೆ ಮಾತ್ರ ಇವೆರಡೂ ಒಂದೇ. ವಿದ್ಯುತ್ ಸ್ಥಾವರಗಳು ನೀರಿಗೆ ಬಿಡುವ ಶಾಖದ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಆ ಮಧ್ಯಾಹ್ನದ ನಂತರ ಅದನ್ನು ಮುಂದೂಡಲು ಮನಸ್ಸಾಗಲಿಲ್ಲ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ಶುದ್ಧ ನೀರು ಹೆಚ್ಚೆಂದರೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, 30 ಡಿಗ್ರಿಯಲ್ಲಿ 7.6, 35 ಡಿಗ್ರಿಯಲ್ಲಿ 7ಕ್ಕೂ ಸ್ವಲ್ಪ ಕಡಿಮೆ. ಇದು ಒಂದು ಕಡೆಯ ಲೆಕ್ಕ. ಇನ್ನೊಂದು ಕಡೆ, ಮೀನು ತಣ್ಣನೆಯ ರಕ್ತದ ಪ್ರಾಣಿಯಾದ್ದರಿಂದ ನೀರಿನ ಕಾವು 10 ಡಿಗ್ರಿ ಏರಿದರೆ ಅದರ ದೇಹದ ಕೆಲಸದ ವೇಗವೂ ಆಮ್ಲಜನಕದ ಅಗತ್ಯವೂ ಹತ್ತಿರಹತ್ತಿರ ಎರಡು ಪಟ್ಟಾಗುತ್ತವೆ. ಕೊಳೆಯುವ ವಸ್ತುಗಳನ್ನು ತಿನ್ನುವ ಬ್ಯಾಕ್ಟೀರಿಯಾಗಳೂ ಅದೇ ಕಾವಿಗೆ ಚುರುಕಾಗಿ, ಇದ್ದ ಆಮ್ಲಜನಕಕ್ಕೆ ಪಾಲು ಕೇಳುತ್ತವೆ. ಹೀಗೆ ಬೇಡಿಕೆ ಏರುವ ಹೊತ್ತಿಗೇ ಪೂರೈಕೆ ಇಳಿಯುತ್ತದೆ. ನೇರವಾಗಿ ಗಾಳಿಯನ್ನೂ ಉಸಿರಾಡಬಲ್ಲ ಕೊರವ ಮೀನು ಇಂತಹ ಮಡುವಿನಲ್ಲಿ ಹೇಗೋ ಬದುಕಿಕೊಳ್ಳುತ್ತದೆ, ಆದರೆ ರೋಹು, ಕಾಟ್ಲಾಗಳಿಗೆ ಆ ಅನುಕೂಲವಿಲ್ಲ.

ಹರಿಗೋಲು ನಡೆಸುತ್ತಿದ್ದ ಹಿರಿಯರಿಗೆ ಈ ಯಾವ ಲೆಕ್ಕವನ್ನೂ ನಾನು ಹೇಳಿರಲಿಲ್ಲ. ಬೇಸಿಗೆಯಲ್ಲಿ ಮೀನು ಎಲ್ಲಿ ಸಿಗುತ್ತವೆ ಕಾಕಾ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: "ನೀರು ಸಣ್ಣಾತಂದ್ರ ಹಗಲೊತ್ತು ಮಡುವಿನ ತಳಕ್ಕ ಹೋಗಿ ಕುಂದರ್ತಾವ್ರಿ ಸರ. ನಸುಕಿನ್ಯಾಗ ಮ್ಯಾಲ ಬಂದು ಬಾಯಿ ತೆಗಿತಾವ." ಹಗಲಿನಲ್ಲಿ ಮೀನು ಹುಡುಕುವುದು ತಂಪನ್ನು, ನಸುಕಿನಲ್ಲಿ ಗಾಳಿಯನ್ನು. ನನ್ನ ಎರಡು ತರಗತಿಗಳ ಪಾಠ ಅವರ ಎರಡು ವಾಕ್ಯಗಳಲ್ಲಿತ್ತು.

ಈಗ ಸ್ಥಾವರದ ವಿಷಯಕ್ಕೆ ಬರೋಣ. ಕಲ್ಲಿದ್ದಲನ್ನು ಉರಿಸಿ ಬಾಯ್ಲರ್‌ನಲ್ಲಿ ನೀರನ್ನು ಉಗಿ ಮಾಡುತ್ತಾರೆ, ಆ ಉಗಿ ಟರ್ಬೈನನ್ನು ತಿರುಗಿಸುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಅನಂತರದ ಹಂತ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಟರ್ಬೈನ್ ದಾಟಿದ ಉಗಿಯನ್ನು ಮತ್ತೆ ನೀರಾಗಿಸಿ ಬಾಯ್ಲರ್‌ಗೆ ಮರಳಿಸಬೇಕು, ಹಾಗೆ ನೀರಾಗುವಾಗ ಉಗಿ ಬಿಟ್ಟುಕೊಡುವ ಶಾಖವನ್ನು ಯಾರಾದರೂ ಹೊತ್ತೊಯ್ಯಬೇಕು. ಕಂಡೆನ್ಸರ್ ಎನ್ನುವ ಪಾತ್ರೆಯಲ್ಲಿ ಸಾವಿರಾರು ಸಣ್ಣ ಕೊಳವೆಗಳ ಮೂಲಕ ಹರಿಯುವ ತಣ್ಣೀರು ಆ ಹೊರೆಯನ್ನು ಹೊರುತ್ತದೆ. ಹಳೆಯ ಮಾದರಿಯ 210 ಮೆಗಾವ್ಯಾಟ್ ಘಟಕವೊಂದು ಪೂರ್ಣ ಸಾಮರ್ಥ್ಯದಲ್ಲಿ ಓಡುವಾಗ ಸುಮಾರು 300 ಮೆಗಾವ್ಯಾಟ್‌ನಷ್ಟು ಶಾಖ ಕಂಡೆನ್ಸರ್‌ಗೆ ಇಳಿಯುತ್ತದೆ. ನಮ್ಮ ಮನೆಯ ಮೀಟರಿನಲ್ಲಿ ಒಂದು ಯೂನಿಟ್ ತಿರುಗುವ ಹೊತ್ತಿಗೆ ಎಲ್ಲೋ ಒಂದು ಕಡೆ ಒಂದೂವರೆ ಯೂನಿಟ್‌ಗೆ ಹತ್ತಿರದಷ್ಟು ಶಾಖ ನೀರಿಗೆ ಸೇರಿರುತ್ತದೆ. ಇದು ಯಾವ ಎಂಜಿನಿಯರನ ತಪ್ಪೂ ಅಲ್ಲ. ಉಗಿಯಿಂದ ಕೆಲಸ ತೆಗೆಯುವ ಯಾವ ಯಂತ್ರವೂ ಈ ತೆರಿಗೆಯನ್ನು ಕಟ್ಟದೆ ನಡೆಯುವುದಿಲ್ಲ. ಅಣು ವಿದ್ಯುತ್ ಸ್ಥಾವರವೂ ಇದಕ್ಕೆ ಹೊರತಲ್ಲ, ಕೈಗಾ ಕೇಂದ್ರದ ಹೊರೆಯನ್ನು ಕಾಳಿ ನದಿಯ ಕದ್ರಾ ಜಲಾಶಯದ ನೀರು ಹೊರುತ್ತಿದೆ.

ದೇವಸೂಗೂರಿನ ಬಳಿಯ ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಲ್ಲಿ 210 ಮೆಗಾವ್ಯಾಟ್‌ನ ಏಳು ಘಟಕಗಳೂ 250 ಮೆಗಾವ್ಯಾಟ್‌ನ ಒಂದು ಘಟಕವೂ ಸೇರಿ 1,720 ಮೆಗಾವ್ಯಾಟ್ ಸಾಮರ್ಥ್ಯವಿದೆ. ನಮ್ಮದೇ ರಾಯಚೂರು ಜಿಲ್ಲೆಯ ಯರಮರಸ್‌ನಲ್ಲಿ 800 ಮೆಗಾವ್ಯಾಟ್‌ನ ಎರಡು ಘಟಕಗಳಿವೆ. ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿ 1,700 ಮೆಗಾವ್ಯಾಟ್. ರಾಜ್ಯದ ಕಲ್ಲಿದ್ದಲು ವಿದ್ಯುತ್ತಿನ ಬಹುಪಾಲು ಹುಟ್ಟುವುದು ನಮ್ಮ ಈ ಎರಡು ಜಿಲ್ಲೆಗಳ ಬಿಸಿಲಿನಲ್ಲಿ.

ಒಂದು ಲೆಕ್ಕವನ್ನು ಹುಡುಗರಿಂದ ಬೋರ್ಡಿನ ಮೇಲೆ ಮಾಡಿಸಿದ್ದೆ. 1,720 ಮೆಗಾವ್ಯಾಟ್ ಸಾಮರ್ಥ್ಯದ ಯಾವುದಾದರೂ ಒಂದು ಸ್ಥಾವರ ಬಿಸಿನೀರನ್ನು ಗಾಳಿಯಲ್ಲಿ ತಣಿಸುವ ಗೋಪುರ, ಅಂದರೆ ಕೂಲಿಂಗ್ ಟವರ್ ಇಲ್ಲದೆ, ನದಿಯಿಂದ ನೀರೆತ್ತಿ ಕಂಡೆನ್ಸರ್ ಮೂಲಕ ಹಾಯಿಸಿ ನೇರವಾಗಿ ನದಿಗೇ ಬಿಡುತ್ತದೆ ಎಂದು ಇಟ್ಟುಕೊಳ್ಳಿ. ನೀರಿನ ಕಾವು 10 ಡಿಗ್ರಿಗಿಂತ ಹೆಚ್ಚು ಏರಬಾರದೆಂದರೆ ಸೆಕೆಂಡಿಗೆ ಸುಮಾರು 58 ಘನ ಮೀಟರ್, ಅಂದರೆ 2,000 ಕ್ಯೂಸೆಕ್‌ಗೂ ತುಸು ಹೆಚ್ಚು ನೀರು ಬೇಕು. ಆಗಸ್ಟ್‌ನಲ್ಲಿ ನಾರಾಯಣಪುರದ ಗೇಟುಗಳನ್ನು ತೆರೆದು ಕೃಷ್ಣೆಯಲ್ಲಿ 2 ಲಕ್ಷ ಕ್ಯೂಸೆಕ್ ಹರಿಯುತ್ತಿರುವಾಗ ಈ 2,000 ಕ್ಯೂಸೆಕ್ ಬಿಸಿನೀರು ಪೂರ್ತಿ ಬೆರೆತ ಮೇಲೆ ನದಿಯ ಕಾವನ್ನು ಏರಿಸುವುದು ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು. ಬೇಸಿಗೆಯಲ್ಲಿ ನದಿ 4,000 ಕ್ಯೂಸೆಕ್‌ಗೆ ಇಳಿದರೆ 5 ಡಿಗ್ರಿ. ನದಿಯಲ್ಲಿರುವುದೇ 2,000 ಕ್ಯೂಸೆಕ್ ಆದರೆ ಇಡೀ ನದಿಯನ್ನೇ ಒಂದು ಕಡೆಯಿಂದ ಹೀರಿ, 10 ಡಿಗ್ರಿ ಕಾಯಿಸಿ, ಇನ್ನೊಂದು ಕಡೆ ಸುರಿದಂತೆ. ಕೊಳವೆಯ ಬಾಯಿಯಲ್ಲಿ ನಿಂತು ಅಳೆದವನಿಗೆ ಮೂರೂ ದಿನ ಒಂದೇ ಅಂಕಿ ಸಿಗುತ್ತದೆ. ನದಿಯೊಳಗಿರುವ ಮೀನಿಗೆ ಮೂರು ದಿನಗಳೂ ಮೂರು ಬೇರೆ ಲೋಕಗಳು.

ನಮ್ಮ ನದಿಗಳು ಮಳೆಗಾಲದಲ್ಲಿ ಸಮುದ್ರದಂತೆ ಉಕ್ಕಿ ಬೇಸಿಗೆಯಲ್ಲಿ ಬಂಡೆಗಳ ಸಂದಿಯಲ್ಲಿ ಜಿನುಗುವ ಜಾತಿಯವು. ವರ್ಷವಿಡೀ ಸಮನಾಗಿ ಹರಿಯುವ ತಂಪು ದೇಶಗಳ ನದಿಗಳ ನಿಯಮ ಇವಕ್ಕೆ ಸಾಲದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹಾಗೆಂದು ನಮ್ಮಲ್ಲಿ ನಿಯಮಗಳೇ ಇಲ್ಲವೆಂದಲ್ಲ. 1974ರ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆ ಮಾಲಿನ್ಯವೆಂದರೆ ಏನು ಎಂದು ಹೇಳುವಾಗಲೇ ನೀರಿನ ರಾಸಾಯನಿಕ ಮತ್ತು ಜೈವಿಕ ಗುಣಗಳ ಜೊತೆಗೆ ಭೌತಿಕ ಗುಣವನ್ನು ಕೆಡಿಸುವುದನ್ನೂ ಸೇರಿಸಿದೆ. ಶಾಖ ಭೌತಿಕ ಗುಣವೇ ಆದ್ದರಿಂದ ಬಿಸಿನೀರು ಆ ವ್ಯಾಖ್ಯೆಯೊಳಗೆ ಮೊದಲ ದಿನದಿಂದಲೇ ಬರುತ್ತದೆ. ಶಕ್ತಿನಗರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು, ಪರಿಸರ ಸಂರಕ್ಷಣಾ ಕಾಯ್ದೆ ಬಂದದ್ದು ಅದರ ಮರುವರ್ಷ. ಆ ಕಾಯ್ದೆಯಡಿ 1986ರಲ್ಲಿಯೇ ಶಾಖೋತ್ಪನ್ನ ಸ್ಥಾವರಗಳಿಗೆ ಪ್ರತ್ಯೇಕ ಮಾನದಂಡಗಳು ಪ್ರಕಟವಾದವು. ಕಂಡೆನ್ಸರ್ ಮೂಲಕ ಒಮ್ಮೆ ಹಾಯಿಸಿ ಹೊರಬಿಡುವ ನೀರು ಒಳಗೆ ತೆಗೆದುಕೊಂಡ ನೀರಿಗಿಂತ 5 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿರಬಾರದು, ಅದರಲ್ಲಿ ಉಳಿದ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ಮೀರಬಾರದು ಎಂದು ಅದರಲ್ಲಿತ್ತು. ಕೊಳವೆಗಳೊಳಗೆ ಪಾಚಿ ಕಟ್ಟದಿರಲೆಂದು ಕ್ಲೋರಿನ್ ಹಾಕುತ್ತಾರೆ. ಬಿಸಿನೀರಿನಲ್ಲಿ ಮೀನಿಗೆ ಅದರ ವಿಷ ಇನ್ನಷ್ಟು ಬೇಗ ತಗುಲುತ್ತದೆ.

1998ರ ಡಿಸೆಂಬರ್ 22ರ ಅಧಿಸೂಚನೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. 1999ರ ಜೂನ್ 1ರ ನಂತರ ಕಾರ್ಯಾರಂಭ ಮಾಡುವ ಮತ್ತು ನದಿ, ಕೆರೆ, ಜಲಾಶಯಗಳ ನೀರನ್ನು ಬಳಸುವ ಪ್ರತಿಯೊಂದು ಹೊಸ ಸ್ಥಾವರವೂ, ಎಲ್ಲಿಯೇ ಇರಲಿ, ಎಷ್ಟೇ ದೊಡ್ಡದಿರಲಿ, ಕೂಲಿಂಗ್ ಟವರ್ ಕಟ್ಟಲೇಬೇಕು ಎಂದು ಅದು ಹೇಳಿತು. ಸಮುದ್ರದ ನೀರು ಬಳಸುವ ಹೊಸ ಸ್ಥಾವರಗಳಿಗೆ, ಸ್ವೀಕರಿಸುವ ನೀರಿನ ಕಾವು 7 ಡಿಗ್ರಿಗಿಂತ ಹೆಚ್ಚು ಏರಬಾರದೆಂಬ ಮಿತಿ ಬಂತು. ಆದರೆ ಹಳೆಯ ಸ್ಥಾವರಗಳ ವಿಷಯದಲ್ಲಿ ಅದೇ ಅಧಿಸೂಚನೆ ಕೈ ಸಡಿಲಿಸಿ, ಕಂಡೆನ್ಸರ್‌ನ ಒಳಬಾಯಿಗೂ ಹೊರಬಾಯಿಗೂ ನಡುವೆ 10 ಡಿಗ್ರಿಯ ಏರಿಕೆಯನ್ನು ಒಪ್ಪಿಕೊಂಡಿತು. ಬಿಸಿನೀರನ್ನು ಬಿಡುವ ಜಾಗ ಸಾಧ್ಯವಾದಷ್ಟೂ ನಡುಹೊಳೆಯ ತಳದಲ್ಲಿರಬೇಕು, ಮೀನು ಮೊಟ್ಟೆಯಿಡುವ ತಾಣಗಳ ಬಳಿ ಬಿಡಲೇಬಾರದು ಎನ್ನುವ ಮಾತುಗಳೂ ಅದರಲ್ಲಿವೆ. ಈ ಸಾಲುಗಳನ್ನು ಬರೆದವರು ನದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ ಎಂದು ಓದಿದಾಗಲೆಲ್ಲ ನನಗೆ ಅನ್ನಿಸಿದೆ.

2015ರ ಡಿಸೆಂಬರ್ 7ರಂದು ಇನ್ನೊಂದು ದೊಡ್ಡ ಹೆಜ್ಜೆ ಬಂತು. ಹೊಗೆಯ ಬಗ್ಗೆ ಅದು ಹೇಳಿದ್ದೇ ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾಯಿತು, ನೀರಿನ ಬಗ್ಗೆ ಹೇಳಿದ್ದು ಅಷ್ಟಾಗಿ ಗಮನಕ್ಕೆ ಬರಲಿಲ್ಲ. ಒಮ್ಮೆ ಹಾಯಿಸಿ ಬಿಡುವ ಪದ್ಧತಿಯ ಹಳೆಯ ಸ್ಥಾವರಗಳೂ ಎರಡು ವರ್ಷದೊಳಗೆ ಕೂಲಿಂಗ್ ಟವರ್‌ಗೆ ಬದಲಾಗಬೇಕು, ಒಂದು ಮೆಗಾವ್ಯಾಟ್ ಅವರ್, ಅಂದರೆ ಸಾವಿರ ಯೂನಿಟ್ ವಿದ್ಯುತ್ತಿಗೆ 3.5 ಘನ ಮೀಟರ್‌ಗಿಂತ ಹೆಚ್ಚು ನೀರು ಬಳಸಬಾರದು, 2017ರ ಜನವರಿ 1ರ ನಂತರದ ಹೊಸ ಸ್ಥಾವರಗಳು 2.5 ಘನ ಮೀಟರ್‌ನಲ್ಲಿ ಮುಗಿಸಿಕೊಂಡು ತ್ಯಾಜ್ಯ ನೀರನ್ನು ಹೊರಗೆ ಬಿಡಲೇಬಾರದು ಎಂದಿತು. 2018ರ ಜೂನ್‌ನಲ್ಲಿ ಆ 2.5 ಅನ್ನು 3ಕ್ಕೆ ಸಡಿಲಿಸಿ, ಸಮುದ್ರದ ನೀರು ಬಳಸುವವರನ್ನು ಹೊರಗಿಟ್ಟರು. ಸಡಿಲಿಕೆ ನನಗೆ ಹಿಡಿಸಲಿಲ್ಲ. ಆದರೂ ಒಟ್ಟು ದಿಕ್ಕು ಸರಿಯಾದದ್ದು ಎಂದು ಒಪ್ಪುತ್ತೇನೆ.

ಕೂಲಿಂಗ್ ಟವರ್ ಮಾಡುವ ಕೆಲಸವನ್ನು ನಮ್ಮ ಕಡೆಯವರಿಗೆ ವಿವರಿಸುವುದು ಸುಲಭ, ಏಕೆಂದರೆ ಪ್ರತಿ ಮನೆಯ ಮೂಲೆಯಲ್ಲಿ ಅದರ ಚಿಕ್ಕ ಮಾದರಿಯೊಂದಿದೆ. ಹೊರಗೆ 42 ಡಿಗ್ರಿ ಬಿಸಿಲಿದ್ದರೂ ಮಣ್ಣಿನ ಗಡಿಗೆಯ ನೀರು ತಣ್ಣಗಿರುತ್ತದೆ, ಏಕೆಂದರೆ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ರಾಯಚೂರಿನ ಒಣಗಾಳಿಯಲ್ಲಿ ಗಡಿಗೆ ಎಷ್ಟು ಚೆನ್ನಾಗಿ ತಂಪಾಗುತ್ತದೋ ಕೂಲಿಂಗ್ ಟವರ್ ಕೂಡ ಅದೇ ಕಾರಣಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ನಡು ಸಣ್ಣಗಾದ ಆ ಎತ್ತರದ ಕಾಂಕ್ರೀಟ್ ಗೋಪುರದ ಕೆಳಭಾಗದಲ್ಲಿ ಬಿಸಿನೀರು ಹನಿಹನಿಯಾಗಿ ಬೀಳುತ್ತದೆ, ಕೆಳಗಿನಿಂದ ಏರುವ ಗಾಳಿ ಅದರಲ್ಲೊಂದು ಪಾಲನ್ನು ಆವಿಯಾಗಿಸಿ ಮೇಲೊಯ್ಯುತ್ತದೆ, ತಂಪಾಗಿ ಉಳಿದದ್ದು ಮತ್ತೆ ಕಂಡೆನ್ಸರ್‌ಗೆ ಹೋಗುತ್ತದೆ. ಗೋಪುರದ ತುದಿಯಲ್ಲಿ ಕಾಣುವ ಬಿಳಿ ಮೋಡವನ್ನು ನಮ್ಮ ಊರಿನಲ್ಲಿ ಇಂದಿಗೂ ಹಲವರು ಹೊಗೆ ಎನ್ನುತ್ತಾರೆ. ಅದು ಹೊಗೆಯಲ್ಲ, ಆವಿಯಾಗಿ ಹೊರಟು ಹನಿಗಟ್ಟಿದ ಹೊಳೆಯ ನೀರು.

ಇಲ್ಲಿಯೇ ವಿಷಯ ಜಟಿಲವಾಗುವುದು. ನದಿಯನ್ನು ಶಾಖದಿಂದ ಉಳಿಸಿದ ನಿಯಮ ನದಿಯ ನೀರನ್ನು ಗಾಳಿಗೆ ಕೊಟ್ಟಿತು. ಒಮ್ಮೆ ಹಾಯಿಸಿ ಬಿಡುವ ಪದ್ಧತಿಯಲ್ಲಿ ಎತ್ತಿದ ನೀರು ಬಿಸಿಯಾಗಿಯಾದರೂ ಹತ್ತಿರಹತ್ತಿರ ಪೂರ್ತಿಯಾಗಿ ನದಿಗೆ ಮರಳುತ್ತದೆ. ಟವರ್ ಪದ್ಧತಿಯಲ್ಲಿ ಎತ್ತುವುದು ಬಹಳ ಕಡಿಮೆ, ಆದರೆ ಎತ್ತಿದ್ದರಲ್ಲಿ ಹೆಚ್ಚಿನದು ಮರಳುವುದಿಲ್ಲ. 1,720 ಮೆಗಾವ್ಯಾಟ್ ವರ್ಷವಿಡೀ ಪೂರ್ಣ ಸಾಮರ್ಥ್ಯದಲ್ಲಿ ನಡೆದು 3.5 ಘನ ಮೀಟರ್‌ನ ಮಿತಿಯನ್ನೇ ಮುಟ್ಟಿದರೆ ದಿನಕ್ಕೆ 14 ಕೋಟಿ ಲೀಟರಿಗೂ ಹೆಚ್ಚು, ವರ್ಷಕ್ಕೆ 2 ಟಿಎಂಸಿಗಿಂತ ಸ್ವಲ್ಪ ಕಡಿಮೆ ಆಗುತ್ತದೆ. ಯಾವ ಸ್ಥಾವರವೂ ವರ್ಷವಿಡೀ ಹಾಗೆ ಓಡುವುದಿಲ್ಲವಾದ್ದರಿಂದ ಇದು ಮೇಲಿನ ಅಂಚಿನ ಅಂಕಿ. ಆದರೂ ಕಾಲುವೆಯ ಕೊನೆಯಂಚಿನ ರೈತರು ಒಂದು ಟಿಎಂಸಿಗಾಗಿ ರಸ್ತೆಯಲ್ಲಿ ಕೂಡುವ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ನೀರು ಸಿಗದೆ ಸ್ಥಾವರವೇ ನಿಲ್ಲುವ ಸಂದರ್ಭವೂ ಬರುತ್ತದೆ. 2016ರ ಮಾರ್ಚ್‌ನಲ್ಲಿ ಪಶ್ಚಿಮ ಬಂಗಾಳದ ಫರಕ್ಕಾ ಸ್ಥಾವರ ಕಾಲುವೆಯಲ್ಲಿ ನೀರಿಳಿದದ್ದರಿಂದ ನಿಂತುಹೋಗಿತ್ತು, ಅದೂ ಗಂಗೆಯ ದಂಡೆಯಲ್ಲಿ.

ಹಾಗಾದರೆ ಟವರ್ ಬಂದ ಮೇಲೆ ಶಾಖದ ಪ್ರಶ್ನೆ ಮುಗಿಯಿತೇ? ನನ್ನ ಉತ್ತರ, ಮುಗಿದಿಲ್ಲ. ಟವರ್‌ನಲ್ಲಿ ನೀರು ಸುತ್ತಿ ಸುತ್ತಿ ಆವಿಯಾದಂತೆ ಉಳಿದ ನೀರಿನಲ್ಲಿ ಲವಣ ಗಟ್ಟಿಯಾಗುತ್ತದೆ, ಆಗಾಗ ಅದರಲ್ಲೊಂದು ಪಾಲನ್ನು ಹೊರಗೆ ಬಿಡಬೇಕಾಗುತ್ತದೆ. ಸ್ಥಾವರದವರು ಇದನ್ನು ಬ್ಲೋಡೌನ್ ಎನ್ನುತ್ತಾರೆ. 1986ರ ಪಟ್ಟಿಯಲ್ಲಿ ಈ ಬ್ಲೋಡೌನ್ ನೀರಿಗೆ ಕ್ಲೋರಿನ್, ಸತು, ಕ್ರೋಮಿಯಂ, ಫಾಸ್ಫೇಟ್‌ಗಳ ಮಿತಿಗಳಿವೆ. ತಾಪಮಾನಕ್ಕೆ ಮಾತ್ರ ಒಂದು ಸಾಲೂ ಇಲ್ಲ. ಪ್ರಮಾಣ ಕಡಿಮೆಯಿರುವುದರಿಂದ ತುಂಬಿದ ನದಿಗೆ ಅದು ಲೆಕ್ಕಕ್ಕಿಲ್ಲ, ನಿಜ. ಆದರೆ ಸ್ಥಾವರಗಳೆಲ್ಲ ನದಿಯ ದಂಡೆಯಲ್ಲಿಲ್ಲ. ನಮ್ಮ ಸುತ್ತಲಿನ ಜಿಲ್ಲೆಗಳಲ್ಲಿ ಸ್ವಂತ ಬಳಕೆಗೆ ವಿದ್ಯುತ್ ಮಾಡಿಕೊಳ್ಳುವ ಕಾರ್ಖಾನೆಗಳು ಅನೇಕವಿವೆ, ಬೇಸಿಗೆಯಲ್ಲಿ ಒಣಗಿ ನಿಂತ ಹಳ್ಳಕ್ಕೆ ಇಂತಹ ನೀರು ಬಂದರೆ ಆ ಹಳ್ಳದಲ್ಲಿ ಬೆರೆಸಿಕೊಳ್ಳಲು ಬೇರೆ ನೀರೇ ಇರುವುದಿಲ್ಲ.

ಇಲ್ಲಿ ನನ್ನ ಹಳೆಯ ಅನುಭವವೊಂದನ್ನು ಬರೆಯಬೇಕು. ಬೋಧನೆಗೆ ಬರುವ ಮೊದಲು ಇಂತಹದೇ ಒಂದು ಖಾಸಗಿ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಎರಡು ವರ್ಷ ಕೆಲಸ ಮಾಡಿದ್ದೆ. ಅದರ ಹೆಸರು ಇಲ್ಲಿ ಬೇಡ. ಬೆಳಿಗ್ಗೆ ಎಂಟಕ್ಕೆ ಸಹಾಯಕನೊಬ್ಬ ಹೊರಹರಿವಿನ ತೊಟ್ಟಿಯಿಂದ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತುಂಬಿಕೊಂಡು, ಬಾಯ್ಲರ್ ಮನೆ, ಕಲ್ಲಿದ್ದಲ ರಾಶಿ, ಕ್ಯಾಂಟೀನ್ ಎಲ್ಲವನ್ನೂ ದಾಟಿ ನಮ್ಮ ಮೇಜಿನ ಮೇಲೆ ತಂದಿಡುತ್ತಿದ್ದ. ಪಿಎಚ್ ನೋಡಿ, ತೇಲುವ ಕಣಗಳನ್ನು ಸೋಸಿ ತೂಗಿ, ಕೊನೆಗೆ ನೆನಪಾದರೆ ಬಾಟಲಿಗೆ ಥರ್ಮಾಮೀಟರ್ ಹಾಕುತ್ತಿದ್ದೆವು. ಫ್ಯಾನಿನ ಗಾಳಿಯಲ್ಲಿ ಮುಕ್ಕಾಲು ಗಂಟೆ ನಿಂತ ನೀರು ಯಾವಾಗಲೂ 28, 29 ತೋರಿಸುತ್ತಿತ್ತು. ಅದು ನೀರಿನ ಕಾವಲ್ಲ, ನಮ್ಮ ಕೋಣೆಯ ಕಾವು. ಒಂದು ದಿನ ಕುತೂಹಲಕ್ಕೆ ಥರ್ಮಾಮೀಟರನ್ನೇ ತೊಟ್ಟಿಗೆ ಒಯ್ದು ಅದ್ದಿದಾಗ 39 ಬಂತು. ರಿಜಿಸ್ಟರಿನಲ್ಲಿ ಹಿಂದಿನ ಪುಟಗಳನ್ನು ತಿರುವಿದೆ. ತಿಂಗಳುಗಟ್ಟಲೆ ಅದೇ 28, ಅದೇ ಕೈಬರಹ, ಕೆಲವು ದಿನ ನನ್ನದೇ ಕೈಬರಹ. ಯಾರೂ ಸುಳ್ಳು ಬರೆಯಬೇಕೆಂದು ಬರೆದಿರಲಿಲ್ಲ. ಮೇಲಿನವರಿಗೆ ಹೇಳಿದೆ. ಅಂಕಿ ಮಿತಿಯೊಳಗಿದೆಯಲ್ಲ ಎಂಬ ಉತ್ತರ ಬಂತು. ಆ ನೀರು ಹೋಗಿ ಸೇರುತ್ತಿದ್ದ ಹಳ್ಳದಲ್ಲಿ ಆ ಸಂಜೆ ನಾನು ಮೀನು ಹುಡುಕಿದ್ದು, ಒಂದೂ ಕಾಣದಿದ್ದದ್ದು ಇಂದಿಗೂ ನೆನಪಿದೆ.

ನೀರಿನ ತಾಪಮಾನವನ್ನು ಅಳೆಯುವ ವಿಧಾನಕ್ಕೇ ಭಾರತೀಯ ಮಾನಕವೊಂದಿದೆ, ಐಎಸ್ 3025ರ 9ನೇ ಭಾಗ. ಇತರ ಅಂಶಗಳಂತೆ ತಾಪಮಾನವನ್ನು ಬಾಟಲಿಯಲ್ಲಿ ಕೂಡಿಟ್ಟುಕೊಂಡು ಬರಲು ಆಗುವುದಿಲ್ಲ, ಅದು ಸ್ಥಳದಲ್ಲಿಯೇ ಓದಬೇಕಾದ ಅಂಕಿ. ಸೀಸ, ಪಾದರಸಗಳನ್ನು ಅಳೆಯಲು ಲಕ್ಷಾಂತರ ರೂಪಾಯಿಯ ಯಂತ್ರ ಬೇಕು, ಕಾವನ್ನು ಅಳೆಯಲು ಬೇಕಾದದ್ದು ಕೆಲವು ನೂರು ರೂಪಾಯಿಯ ಗಾಜಿನ ಕಡ್ಡಿ ಮತ್ತು ಅಲ್ಲಿಯವರೆಗೆ ನಡೆದು ಹೋಗುವ ಒಬ್ಬ ಮನುಷ್ಯ. ಇಷ್ಟು ಅಗ್ಗದ ಅಳತೆಯೇ ಇಷ್ಟು ಅಸಡ್ಡೆಗೆ ಒಳಗಾಗಿರುವುದು ನನಗೆ ನೋವಿನ ಸಂಗತಿ.

ನದಿಯ ಕಡೆಯಿಂದ ನೋಡಿದರೂ ಇದೇ ಕೊರತೆ ಕಾಣುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿಗಳ ನೀರನ್ನು ಬಳಕೆಗೆ ತಕ್ಕಂತೆ ಐದು ವರ್ಗಗಳಾಗಿ ವಿಂಗಡಿಸಿದೆ. ಅದರಲ್ಲಿ ನಾಲ್ಕನೆಯದು ವನ್ಯಜೀವಿ ಮತ್ತು ಮೀನುಗಾರಿಕೆಗೆ ತಕ್ಕ ನೀರು. ಆ ವರ್ಗಕ್ಕೆ ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಅಮೋನಿಯಾ 1.2 ಮಿಲಿಗ್ರಾಂ ಮೀರದಿರಬೇಕು ಎಂದಿದೆ. ಮೀನಿಗೆಂದೇ ಗುರುತಿಸಿದ ನೀರಿನಲ್ಲಿಯೂ ತಾಪಮಾನದ ಮಿತಿಯಿಲ್ಲ. ಫ್ರಾನ್ಸಿನ ಗರೋನ್ ನದಿಯ ದಂಡೆಯ ಗೋಲ್ಫೆಷ್ ಅಣು ಸ್ಥಾವರಕ್ಕೆ ನದಿಯ ಕಾವೇ 28 ಡಿಗ್ರಿ ದಾಟಬಾರದೆಂಬ ಮಿತಿಯಿದೆ. ನದಿ ತಾನಾಗಿಯೇ ಬಿಸಿಯಾದ ದಿನ ಸ್ಥಾವರ ಉತ್ಪಾದನೆ ತಗ್ಗಿಸಬೇಕು ಎನ್ನುವುದು ಅದರ ಅರ್ಥ. 2022ರ ಬಿಸಿಗಾಳಿಯ ಬೇಸಿಗೆಯಲ್ಲಿ ವಿದ್ಯುತ್ ಕೊರತೆಯ ಕಾರಣಕ್ಕೆ ಅಲ್ಲಿಯೂ ತಾತ್ಕಾಲಿಕ ವಿನಾಯಿತಿ ಕೊಟ್ಟರು. ವಿನಾಯಿತಿ ಕೊಟ್ಟದ್ದು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಆದರೆ ಮಿತಿಯೊಂದು ಇದ್ದದ್ದರಿಂದಲೇ ಅದನ್ನು ಮೀರಲು ಅನುಮತಿ ಕೇಳಬೇಕಾಯಿತು, ಅದು ಎಲ್ಲರಿಗೂ ತಿಳಿಯಿತು. ನಮ್ಮ 28 ಡಿಗ್ರಿ ಅವರ 28 ಡಿಗ್ರಿಯಲ್ಲ, ಕೃಷ್ಣೆಯ ಮೀನು ಅದಕ್ಕಿಂತ ಹೆಚ್ಚು ಕಾವನ್ನು ಸಹಿಸಬಲ್ಲದು. ಅಂಕಿ ನಮ್ಮದೇ ಆಗಿರಲಿ, ಮಿತಿಯೊಂದಿರಲಿ.

ಇದಕ್ಕೆ ಹೊಸ ಕಾಯ್ದೆಯ ಅಗತ್ಯವಿಲ್ಲ ಎನ್ನುವುದನ್ನು ಒತ್ತಿ ಹೇಳಬೇಕಾಗಿದೆ. 1974ರ ಕಾಯ್ದೆಯ 25ನೇ ಕಲಮು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ, ನೀರು ಹೊರಬಿಡಲು ಅದು ಕೊಡುವ ಸಮ್ಮತಿ ಪತ್ರದಲ್ಲಿ ಹೊಸ ಹೊರಹರಿವಿನ ಗುಣ, ತಾಪಮಾನ, ಪ್ರಮಾಣ ಮತ್ತು ವೇಗದ ಮೇಲೆ ಷರತ್ತು ಹಾಕುವ ಅಧಿಕಾರ ಕೊಟ್ಟಿದೆ. ತಾಪಮಾನ ಎಂಬ ಪದವೇ ಅಲ್ಲಿದೆ. ಕೇಂದ್ರದ ಮಾನದಂಡಕ್ಕಿಂತ ಬಿಗಿಯಾದ ಮಾನದಂಡವನ್ನು ರಾಜ್ಯ ಮಂಡಳಿ ಗೊತ್ತುಪಡಿಸಬಹುದೆಂದು 1986ರ ನಿಯಮಗಳೂ ಹೇಳುತ್ತವೆ. ಸಮ್ಮತಿ ಪತ್ರವನ್ನು ನವೀಕರಿಸುವ ಹೊತ್ತಿಗೆ ಮಾರ್ಚ್‌ನಿಂದ ಜೂನ್‌ವರೆಗೆ ಬೇರೆ ಷರತ್ತು, ಮಳೆಗಾಲಕ್ಕೆ ಬೇರೆ ಷರತ್ತು ಬರೆಯಲು ಕಾನೂನಿನ ತೊಡಕೇನೂ ನನಗೆ ಕಾಣುತ್ತಿಲ್ಲ. ಹೊರಹರಿವು ಸೇರುವ ಜಾಗಕ್ಕಿಂತ ಮೇಲೆ ಒಂದು, ಬೆರೆತ ನಂತರ ಕೆಳಗೆ ಒಂದು ಶಾಶ್ವತ ತಾಪಮಾಪಕವನ್ನು ನದಿಯೊಳಗೇ ಇಟ್ಟು, ಅಂದಂದಿನ ಹರಿವಿನ ಕ್ಯೂಸೆಕ್ ಲೆಕ್ಕದ ಪಕ್ಕದಲ್ಲಿ ಆ ಅಂಕಿಗಳನ್ನೂ ಪ್ರಕಟಿಸಬೇಕು. ಅಣೆಕಟ್ಟಿನ ಒಳಹರಿವು, ಹೊರಹರಿವುಗಳನ್ನು ಪ್ರತಿದಿನ ಪತ್ರಿಕೆಯಲ್ಲಿ ಓದುವ ನಮ್ಮ ಜನರಿಗೆ ಇನ್ನೆರಡು ಅಂಕಿ ಭಾರವಾಗುವುದಿಲ್ಲ. ಕೃಷ್ಣೆ ಇಲ್ಲಿಂದ ಮುಂದೆ ಜುರಾಲ ಜಲಾಶಯದತ್ತ ಹರಿಯುತ್ತಾಳೆ, ಅಲ್ಲಿಯ ಬಲೆಗಾರರಿಗೂ ಈ ಅಂಕಿಗಳು ಬೇಕು.

ಇದನ್ನು ಓದುವವರಲ್ಲಿ ಸ್ಥಾವರಗಳಲ್ಲಿ ದುಡಿಯುವವರಿದ್ದಾರೆ ಎಂದು ನನಗೆ ಗೊತ್ತು. ನನ್ನ ಹಳೆಯ ವಿದ್ಯಾರ್ಥಿಗಳೇ ಹಲವರಿದ್ದಾರೆ. ಮೇ ತಿಂಗಳಲ್ಲಿ ಬಾಯ್ಲರಿನ ಪಕ್ಕದಲ್ಲಿ ನಿಂತು ನೀವು ಮಾಡುವ ಕೆಲಸದಿಂದಲೇ ಈ ಬರಹವನ್ನು ನಾನು ಫ್ಯಾನಿನ ಕೆಳಗೆ ಕುಳಿತು ಬರೆಯುತ್ತಿದ್ದೇನೆ. ವಿದ್ಯುತ್ ಬೇಡವೆಂದು ಹೇಳುವ ಹಕ್ಕು ನನಗಿಲ್ಲ, ಹೇಳುವ ಮನಸ್ಸೂ ಇಲ್ಲ. ಬಾಟಲಿಯನ್ನು ಪ್ರಯೋಗಾಲಯಕ್ಕೆ ತರುವ ಬದಲು ಥರ್ಮಾಮೀಟರನ್ನು ತೊಟ್ಟಿಗೆ ಒಯ್ಯಿರಿ ಎಂದಷ್ಟೇ ಕೇಳಿಕೊಳ್ಳುತ್ತೇನೆ. ಆ ಮೂವತ್ತೊಂಬತ್ತು ಡಿಗ್ರಿಯನ್ನು ಅಂದು ನಾನು ರಿಜಿಸ್ಟರಿನಲ್ಲಿ ಬರೆದಿದ್ದರೆ ಏನಾಗುತ್ತಿತ್ತೋ ತಿಳಿಯದು. ಬರೆಯಲಿಲ್ಲ ಎನ್ನುವುದು ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ.

ಆ ಏಪ್ರಿಲ್ ಮಧ್ಯಾಹ್ನ ನಾವು ಕರಗಿದ ಆಮ್ಲಜನಕವನ್ನೂ ನೋಡಿದ್ದೆವು. ಮುಚ್ಚಳದ ಗಾಜಿನ ಬಾಟಲಿಯಲ್ಲಿ ಗಾಳಿಯ ಗುಳ್ಳೆ ಉಳಿಯದಂತೆ ನೀರು ತುಂಬಿ, ಎರಡು ದ್ರಾವಣಗಳನ್ನು ಹಾಕಿ ತಲೆಕೆಳಗು ಮಾಡಿದಾಗ ಒಳಗೆ ಕಂದು ಬಣ್ಣದ ಮೋಡವೊಂದು ಏಳುತ್ತದೆ. ಆಮ್ಲಜನಕ ಹೆಚ್ಚಿದ್ದರೆ ಕಂದು ಗಾಢ, ಇಲ್ಲದಿದ್ದರೆ ಮೋಡ ಬೆಳ್ಳಗೇ ಉಳಿಯುತ್ತದೆ. ಅಂದು ಕಂದು ಚೆನ್ನಾಗಿಯೇ ಬಂದದ್ದನ್ನು ಕಂಡು ಹುಡುಗರು ಸಂತೋಷಪಟ್ಟರು. ಆದರೆ ಮಧ್ಯಾಹ್ನ ನೀರಿನ ಪಾಚಿ ಬಿಸಿಲಿನಲ್ಲಿ ಆಮ್ಲಜನಕವನ್ನು ಬಿಡುತ್ತಿರುತ್ತದೆ, ರಾತ್ರಿಯಿಡೀ ಅದೇ ಪಾಚಿ ಅದನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ನದಿಯ ನಿಜವಾದ ಕಷ್ಟ ಗೊತ್ತಾಗುವುದು ಸೂರ್ಯ ಹುಟ್ಟುವ ಮೊದಲು. ಕಾಕಾ ಹೇಳಿದ ನಸುಕು ಅದೇ. ಈ ಬೇಸಿಗೆಯಲ್ಲಿ ಬೆಳಿಗ್ಗೆ ಐದೂವರೆಗೆ ಹರಿಗೋಲು ಸಿದ್ಧವಿಡುತ್ತೇನೆ ಎಂದಿದ್ದಾರೆ. ಎರಡು ಥರ್ಮಾಮೀಟರ್, ಹನ್ನೆರಡು ಬಾಟಲಿ, ಒಂದು ಟಾರ್ಚು, ಮತ್ತು ಅಳೆದ ಜಾಗದಲ್ಲಿಯೇ ಬರೆಯಲು ಒಂದು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಟ್ಟಿದ್ದೇವೆ.